ಕೈ ನಿಧಾನವಾದರೆ ಹಕ್ಕು ಕರಗುವುದಿಲ್ಲ: ಪುತ್ತೂರು, ಸುಳ್ಯ, ಕಡಬದ ದುಡಿಯುವವರ ಹಕ್ಕೊತ್ತಾಯ ಪತ್ರ

ಇವರಿಗೆ,

ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳ ಗೇರುಬೀಜ ಕಾರ್ಖಾನೆ, ಬೀಡಿ ಬ್ರಾಂಚ್, ತೋಟ, ಅಂಗಡಿ, ಶಾಲಾ ಕಾಲೇಜು ಹಾಗೂ ಸಹಕಾರ ಸಂಸ್ಥೆಗಳ ಆಡಳಿತದವರು;
ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ವ್ಯವಸ್ಥಾಪಕ ನಿರ್ದೇಶಕರು;
ಪುತ್ತೂರು ಉಪವಿಭಾಗದ ಸಹಾಯಕ ಆಯುಕ್ತರು, ಮೂರೂ ತಾಲ್ಲೂಕುಗಳ ತಹಶೀಲ್ದಾರರು ಮತ್ತು ಕಾರ್ಮಿಕ ಇಲಾಖೆಯ ಅಧಿಕಾರಿಗಳು.



ವಯಸ್ಸಾಯಿತೆಂದು ನಾವು ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಎಂದು ಮಾಲೀಕರು ಹೇಳುತ್ತಾರೆ. ತೆಗೆಯುವ ಅಗತ್ಯವೇ ಅವರಿಗೆ ಬೀಳುವುದಿಲ್ಲ. ಬೀಡಿಗೆ ಸಾವಿರದ ಲೆಕ್ಕ, ಗೇರುಬೀಜಕ್ಕೆ ಕಿಲೋ ಲೆಕ್ಕ, ಸುಲಿದ ಅಡಿಕೆಗೂ ಕಿಲೋ ಲೆಕ್ಕ. ಐವತ್ತು ದಾಟಿದ ಮೇಲೆ ಕಣ್ಣು ಮಂಜಾಗುತ್ತದೆ, ಬೆರಳ ಗಂಟು ಹಿಡಿಯುತ್ತದೆ, ಕೈ ನಿಧಾನವಾಗುತ್ತದೆ, ಕೂಲಿ ತಾನಾಗಿಯೇ ಇಳಿಯುತ್ತದೆ. ಬಸ್ಸಿನ ಖರ್ಚು ಕಳೆದು ಏನೂ ಉಳಿಯದ ದಿನ ದುಡಿಯುವ ಹೆಂಗಸು ಕೆಲಸಕ್ಕೆ ಬರುವುದನ್ನು ನಿಲ್ಲಿಸುತ್ತಾಳೆ. ಪುಸ್ತಕದಲ್ಲಿ ‘ತಾನಾಗಿ ಬಿಟ್ಟದ್ದು’ ಎಂದು ದಾಖಲಾಗುತ್ತದೆ.

ಅನ್ಯಾಯ ಅಲ್ಲಿಗೂ ಮುಗಿಯುವುದಿಲ್ಲ. ಹೀಗೆ ಲೆಕ್ಕದ ಮೇಲೆ ದುಡಿಯುವ ತುಂಡು ಕೂಲಿಯವರ ಗ್ರಾಚ್ಯುಟಿಯನ್ನು ಕೆಲಸ ಬಿಡುವ ಮುಂಚಿನ ಮೂರು ತಿಂಗಳ ಗಳಿಕೆಯ ಸರಾಸರಿಯ ಮೇಲೆ ಲೆಕ್ಕ ಹಾಕಬೇಕೆಂದು 1972ರ ಗ್ರಾಚ್ಯುಟಿ ಕಾಯ್ದೆ ಹೇಳಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಆ ಮಾತನ್ನು ಹಾಗೆಯೇ ಉಳಿಸಿಕೊಂಡಿದೆ. ಕೈ ಚುರುಕಾಗಿದ್ದಾಗ ದಿನಕ್ಕೆ 300 ರೂಪಾಯಿ ದುಡಿಯುತ್ತಿದ್ದ ಹೆಂಗಸು ಕೊನೆಗೆ 180 ರೂಪಾಯಿಗೆ ಇಳಿದಳು ಎಂದಿಟ್ಟುಕೊಳ್ಳಿ. ವರ್ಷಕ್ಕೆ 15 ದಿನದ ಕೂಲಿಯಂತೆ 25 ವರ್ಷಕ್ಕೆ 1,12,500 ರೂಪಾಯಿ ಬರಬೇಕಾದಲ್ಲಿ ಬರುವುದು 67,500. ಇಡೀ ಆಯುಷ್ಯದ ದುಡಿಮೆಗೆ ಅತ್ಯಂತ ನಿಧಾನವಾದ ಮೂರು ತಿಂಗಳ ದರ. ಪಿಂಚಣಿಯದೂ ಇದೇ ಕಥೆ: 2014ರ ಸೆಪ್ಟೆಂಬರ್ 1ರಿಂದ ಭವಿಷ್ಯನಿಧಿ ಪಿಂಚಣಿಗೆ ಕೊನೆಯ 60 ತಿಂಗಳ ಸರಾಸರಿ, ಅದಕ್ಕೂ ಮೊದಲು 12 ತಿಂಗಳಿತ್ತು. ಅದೇ ದಿನ ನಿಗದಿಯಾದ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ.

ಇನ್ನು ಒಳಗೆ ಬರುವ ಬಾಗಿಲು. ‘25ರಿಂದ 35ರೊಳಗಿನ, ಉತ್ತಮ ವ್ಯಕ್ತಿತ್ವದ ಯುವತಿಯರು ಬೇಕಾಗಿದ್ದಾರೆ’ ಎಂಬ ಬೋರ್ಡು ಪೇಟೆಯ ಅಂಗಡಿಗಳ ಗಾಜಿನ ಮೇಲೆ ರಾಜಾರೋಷವಾಗಿ ಅಂಟಿರುತ್ತದೆ. ಸೀರೆ ಮಡಚಿ ಬಿಡಿಸಲು ನಲವತ್ತರ ಕೈಗೆ ಏನು ಕೊರತೆ ಎಂದು ಯಾರೂ ಕೇಳಿಲ್ಲ. ಪುತ್ತೂರಿನ ಬಾಲವನದಲ್ಲಿ ಬಾಳಿದ ಶಿವರಾಮ ಕಾರಂತರು 1989ರಲ್ಲಿ 87ರ ಹರೆಯದಲ್ಲಿ ಲೋಕಸಭೆಗೆ ಸ್ಪರ್ಧಿಸಿದ್ದರು. ಅದನ್ನು ಊರೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ, ಆದರೆ ಅದೇ ಊರಿನ ಅಂಗಡಿಗೆ ನಲವತ್ತರವಳು ಹಳಬಳು.

ಸಂವಿಧಾನದ 15 ಮತ್ತು 16ನೇ ವಿಧಿಗಳು ಹೆಸರಿಸುವ ತಾರತಮ್ಯದ ಪಟ್ಟಿಯಲ್ಲಿ ವಯಸ್ಸು ಇಲ್ಲ ಎಂಬುದು ನಮಗೆ ಗೊತ್ತಿದೆ. ಆದರೆ ಬಡತನದ ಒತ್ತಡದಿಂದ ಯಾರೂ ತಮ್ಮ ವಯಸ್ಸಿಗೆ ಅಥವಾ ಶಕ್ತಿಗೆ ಒಗ್ಗದ ಕೆಲಸಕ್ಕೆ ಇಳಿಯುವಂತಾಗಬಾರದು ಎಂದು 39ನೇ ವಿಧಿ ಸರ್ಕಾರಕ್ಕೆ ಹೇಳಿದೆ, ಮುಪ್ಪಿನಲ್ಲಿ ನೆರವು ನೀಡಬೇಕೆಂದು 41ನೇ ವಿಧಿ ಹೇಳಿದೆ. ಅನ್ಯಾಯ ನಡೆದಿದೆಯೇ ಇಲ್ಲವೇ ಎಂಬ ಚರ್ಚೆಗೆ ನಾವು ಬಂದಿಲ್ಲ. ಬರಬೇಕಾದದ್ದನ್ನು ಕೇಳಲು ಬಂದಿದ್ದೇವೆ.

ಅ. ಕೂಲಿ ಮತ್ತು ಸೇವೆಯ ಲೆಕ್ಕ

1. ತುಂಡು ಕೂಲಿಯವರ ಗ್ರಾಚ್ಯುಟಿಯನ್ನು ಕೊನೆಯ ಮೂರು ತಿಂಗಳ ಬದಲು ಅವರು ಅತಿ ಹೆಚ್ಚು ಗಳಿಸಿದ ಮೂರು ವರ್ಷಗಳ ಸರಾಸರಿಯ ಮೇಲೆ ಲೆಕ್ಕ ಹಾಕಬೇಕು, ಏಕೆಂದರೆ ಕಾನೂನು ಹೇಳಿರುವುದು ಕನಿಷ್ಠ ಮೊತ್ತವನ್ನು, ಅದಕ್ಕಿಂತ ಹೆಚ್ಚು ಕೊಡಲು ಮಾಲೀಕರಿಗೆ ಯಾವ ಅಡ್ಡಿಯೂ ಇಲ್ಲ.

2. ಐವತ್ತು ದಾಟಿದ ತುಂಡು ಕೂಲಿಯವರಿಗೆ ದಿನದ ಕೊನೆಗೆ ಲೆಕ್ಕ ಎಷ್ಟೇ ಬರಲಿ, ಪೂರ್ತಿ ಹೊತ್ತು ದುಡಿದಿದ್ದರೆ ಆ ಕೆಲಸಕ್ಕೆ ನಿಗದಿಯಾದ ದಿನದ ಕನಿಷ್ಠ ಕೂಲಿಗಿಂತ ಒಂದು ರೂಪಾಯಿಯೂ ಕಡಿಮೆ ಕೊಡಬಾರದು.

3. ನರೇಗಾ ಕಾಮಗಾರಿಯಲ್ಲಿ 60 ದಾಟಿದವರಿಗೂ ಅಂಗವಿಕಲರಿಗೂ ಅರ್ಧ ಅಳತೆಯ ಕೆಲಸಕ್ಕೆ ಪೂರ್ತಿ ಕೂಲಿ ಎಂಬ ರಿಯಾಯಿತಿಯನ್ನು ಇದೇ ರಾಜ್ಯ ಕೊಟ್ಟಿರುವಾಗ, ಸರ್ಕಾರಿ ನಿಗಮಗಳೂ ಸಹಕಾರ ಸಂಸ್ಥೆಗಳೂ ಅದೇ ತತ್ವವನ್ನು ತಮ್ಮ ಕೂಲಿಯವರಿಗೆ ಅನ್ವಯಿಸಬೇಕು.

4. ಬೀಡಿ ಬ್ರಾಂಚಿನ ಪುಸ್ತಕದಲ್ಲಿ ಒಬ್ಬರ ಹೆಸರಿನಲ್ಲಿ ಇನ್ನೊಬ್ಬರ ಬೀಡಿ ಬರೆಯುವುದು, ಬ್ರಾಂಚ್ ಬದಲಾದಾಗ ಸೇವೆಯನ್ನು ಹೊಸದಾಗಿ ಆರಂಭಿಸುವುದು ನಿಲ್ಲಬೇಕು ಮತ್ತು ಹಳೆಯ ವರ್ಷಗಳೆಲ್ಲ ಒಂದೇ ಸೇವೆಯಾಗಿ ಎಣಿಕೆಯಾಗಬೇಕು.

5. ಭವಿಷ್ಯನಿಧಿ ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವೆಗೆ ಕೆಲವೇ ತಿಂಗಳು ಕಡಿಮೆ ಇರುವವರ ಪಟ್ಟಿಯನ್ನು ಪ್ರತಿ ಮಾಲೀಕರೂ ಮೊದಲೇ ಸಿದ್ಧಪಡಿಸಿ, ಅವರು 58 ತಲುಪುವ ಮೊದಲು ಆ ಕೊರತೆ ತುಂಬುವಷ್ಟು ಕೆಲಸ ಕೊಡಬೇಕು.

6. ಕರ್ನಾಟಕವು ಕಾರ್ಖಾನೆ ಕಾರ್ಮಿಕರ ನಿವೃತ್ತಿ ವಯಸ್ಸನ್ನು 2017ರಲ್ಲೇ 58ರಿಂದ 60ಕ್ಕೆ ಏರಿಸಿರುವಾಗ, ಹಳೆಯ ನಿಯಮ ತೋರಿಸಿ ಎರಡು ವರ್ಷ ಮೊದಲೇ ಮನೆಗೆ ಕಳುಹಿಸುವುದು ನಿಲ್ಲಬೇಕು.

7. ‘ತಾನಾಗಿ ಬಿಟ್ಟದ್ದು’ ಎಂಬ ಷರಾ ಕಾರ್ಮಿಕ ನಿರೀಕ್ಷಕರು ಕಾರ್ಮಿಕರನ್ನೇ ಕೇಳಿ ಖಚಿತಪಡಿಸುವವರೆಗೆ ಯಾವ ಪುಸ್ತಕದಲ್ಲೂ ಸಿಂಧುವಾಗಬಾರದು.

ಆ. ನೇಮಕ ಮತ್ತು ಕೆಲಸದ ಜಾಗ

8. ‘ಬೇಕಾಗಿದ್ದಾರೆ’ ಬೋರ್ಡು ಮತ್ತು ಜಾಹೀರಾತುಗಳಿಂದ ವಯಸ್ಸು, ರೂಪ, ಮದುವೆ ಮತ್ತು ಜಾತಿ ಸೂಚಿಸುವ ಮಾತುಗಳನ್ನು ಈ ಪತ್ರ ತಲುಪಿದ ದಿನವೇ ಅಳಿಸಬೇಕು.

9. ಹೆರಿಗೆ, ಬಾಣಂತನ ಅಥವಾ ಮನೆಯ ಹಿರಿಯರ ಆರೈಕೆಗಾಗಿ ಕೆಲಸ ಬಿಟ್ಟು ಮರಳುವ ಹೆಂಗಸರನ್ನು ಹೊಸಬರೆಂದು ಪರಿಗಣಿಸದೆ ಹಿಂದಿನ ಅನುಭವದ ದರದಲ್ಲೇ ಸೇರಿಸಿಕೊಳ್ಳಬೇಕು.

10. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕಾರ್ಮಿಕ ಸಂಹಿತೆಗಳ ಪ್ರಕಾರ ಪ್ರತಿಯೊಬ್ಬ ಕಾರ್ಮಿಕರಿಗೂ ಸಿಗಬೇಕಾದ ನೇಮಕಾತಿ ಪತ್ರವನ್ನು ಅವರು ಓದಬಲ್ಲ ಭಾಷೆಯಲ್ಲಿ ಕೊಡಬೇಕು.

11. ಅದೇ ಸಂಹಿತೆಗಳು ಹೇಳುವ, ನಲವತ್ತು ದಾಟಿದವರ ವಾರ್ಷಿಕ ಉಚಿತ ಆರೋಗ್ಯ ತಪಾಸಣೆಯಲ್ಲಿ ಬೀಡಿಯವರ ಶ್ವಾಸಕೋಶ, ಗೇರುಬೀಜದವರ ಕೈಚರ್ಮ, ಎಲ್ಲರ ಕಣ್ಣು ಸೇರಿರಬೇಕು, ಮತ್ತು ಕನ್ನಡಕದ ಖರ್ಚು ಮಾಲೀಕರದಾಗಬೇಕು.

12. ತಪಾಸಣೆಯ ಫಲಿತಾಂಶವನ್ನು ಯಾರನ್ನೂ ಹೊರಹಾಕಲು ಬಳಸಬಾರದು.

13. ಗೇರುಬೀಜ ಕಾರ್ಖಾನೆಯಲ್ಲಿ ಒಡೆಯುವ ವಿಭಾಗದ ಹೆಂಗಸರಿಗೆ ಐವತ್ತರ ನಂತರ ಸಿಪ್ಪೆ ತೆಗೆಯುವ ಇಲ್ಲವೇ ಗ್ರೇಡಿಂಗ್ ವಿಭಾಗಕ್ಕೆ ಹೋಗುವ ಆಯ್ಕೆ ಕೊಡಬೇಕು ಮತ್ತು ಬದಲಾದ ದಿನದಿಂದ ಅವರ ಕೂಲಿ ಇಳಿಯಬಾರದು.

14. ನೆಲದ ಮೇಲೆ ಕುಳಿತು ದುಡಿಯುವುದಕ್ಕೆ ಬದಲಾಗಿ ಬೆನ್ನು ಆನಿಸಿ ಕೂರುವ ಆಸನ, ನೆರಳು ಬೀಳದಂಥ ಬೆಳಕು, ಹತ್ತಿರದಲ್ಲೇ ಶೌಚಾಲಯ ಇರಬೇಕು.

15. ಬಟ್ಟೆ ಮತ್ತು ಚಿನ್ನದ ಅಂಗಡಿಗಳಲ್ಲಿ ದಿನವಿಡೀ ನಿಂತು ದುಡಿಯುವವರಿಗೆ ಕೂರುವ ಹಕ್ಕನ್ನು ಪಕ್ಕದ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನಾಗಿಸಿರುವಾಗ, ಪುತ್ತೂರಿನ ಮಾಲೀಕರು ಕಾನೂನಿಗೆ ಕಾಯದೆ ತಮ್ಮ ಕೌಂಟರಿನ ಹಿಂದೆ ಸ್ಟೂಲು ಹಾಕಬೇಕು.

16. ಐವತ್ತಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ಶಿಶುಪಾಲನಾ ಕೊಠಡಿಯನ್ನು ನಡೆಸಲು ಅದೇ ಸಂಸ್ಥೆಯ ಹಿರಿಯ ಹೆಂಗಸರಿಗೆ ತರಬೇತಿ ಕೊಟ್ಟು ಪೂರ್ಣ ವೇತನದ ಕೆಲಸ ಕೊಡಬೇಕು.

17. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಪ್ರತಿ ಸಂಸ್ಥೆಯೂ 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳ ತಡೆಯುವ ಆಂತರಿಕ ಸಮಿತಿಯ ಸದಸ್ಯರ ಹೆಸರನ್ನು ಗೇಟಿನ ಬಳಿ ಬರೆಯಿಸಬೇಕು.

18. ಖಾಸಗಿ ಶಾಲಾ ಕಾಲೇಜುಗಳ ಆಡಳಿತ ಮಂಡಳಿಗಳು, 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗುವಂತೆ ಶಿಕ್ಷಕರಿಗೆ ಗ್ರಾಚ್ಯುಟಿ ಹಕ್ಕು ಕೊಟ್ಟ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಎತ್ತಿಹಿಡಿದ ಮೇಲೂ ಬಾಕಿ ಉಳಿಸಿಕೊಂಡ ಮೊತ್ತವನ್ನು ನಿವೃತ್ತರ ಮನೆಗೆ ತಲುಪಿಸಬೇಕು.

ಇ. ರಬ್ಬರ್ ಕಾಡಿನವರು

ಈ ಭಾಗವನ್ನು ಬೇರೆಯಾಗಿಯೇ ಬರೆಯಬೇಕಾಗಿದೆ. ವಿವಿಧ ಜನರನ್ನು ಒಳಗೊಳ್ಳುವ ಉದ್ಯೋಗದ ಬಗ್ಗೆ ಇಂದು ದೊಡ್ಡ ಕಂಪನಿಗಳು ಕರಪತ್ರ ಹಂಚುತ್ತವೆ. ಸುಳ್ಯ, ಪುತ್ತೂರು, ಕಡಬದ ಗುಡ್ಡಗಳಲ್ಲಿ ಸರ್ಕಾರವೇ ಅರ್ಧ ಶತಮಾನದ ಹಿಂದೆ ಅದನ್ನು ಆರಂಭಿಸಿತ್ತು. 1964ರ ಅಕ್ಟೋಬರ್ 30ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಸಹಿ ಹಾಕಿದ ಒಪ್ಪಂದದಲ್ಲಿ ಸಿಲೋನಿನ ಚಹಾ ತೋಟಗಳ 5,25,000 ತಮಿಳರನ್ನು ಭಾರತ ಪಡೆಯಬೇಕೆಂದಾಯಿತು, 1974ರಲ್ಲಿ ಇನ್ನೂ 75,000 ಸೇರಿತು. ಹಾಗೆ ಬಂದ ಕುಟುಂಬಗಳಲ್ಲಿ ಒಂದು ಪಾಲಿಗೆ ಇಲ್ಲಿನ ರಬ್ಬರ್ ತೋಟಗಳೇ ಪುನರ್ವಸತಿ. 1971ರಲ್ಲಿ ಹುಟ್ಟಿದ ಅರಣ್ಯ ಅಭಿವೃದ್ಧಿ ನಿಗಮ ಅವರ ಉದ್ಯೋಗದಾತನೂ ಆಯಿತು, ಮನೆಯ ಮಾಲೀಕನೂ ಆಯಿತು.

ಟ್ಯಾಪಿಂಗ್ ಎಂದರೆ ಏನೆಂದು ಕಚೇರಿಯಲ್ಲಿ ಕೂತವರಿಗೆ ನೆನಪಿಸುತ್ತೇವೆ. ಬಿಸಿಲೇರಿದರೆ ಹಾಲು ಇಳಿಯುವುದು ಕಡಿಮೆ, ಹಾಗಾಗಿ ನಸುಕಿಗೇ ತಲೆಗೆ ಲೈಟು ಕಟ್ಟಿ ಗುಡ್ಡ ಹತ್ತಬೇಕು. ಒಂದೊಂದು ಮರಕ್ಕೂ ಬಗ್ಗಿ ತೊಗಟೆಯ ತೆಳುಪದರವನ್ನು ಓರೆಯಾಗಿ ಕೆತ್ತಬೇಕು, ಮತ್ತೆ ಅದೇ ದಾರಿಯಲ್ಲಿ ಹಾಲು ಸಂಗ್ರಹಿಸಿ ಹೊತ್ತು ಇಳಿಯಬೇಕು. ಕತ್ತಿ ಒಂದಿಷ್ಟು ಆಳಕ್ಕೆ ಹೋದರೆ ಮರಕ್ಕೆ ಗಾಯ, ಗಾಯವಾದಲ್ಲಿ ತೊಗಟೆ ಸರಿಯಾಗಿ ಕೂಡುವುದಿಲ್ಲ, ಮುಂದಿನ ವರ್ಷಗಳ ಹಾಲು ಅಲ್ಲೇ ಹೋಯಿತು. ಮೊಣಕಾಲು ಸವೆದ ಹಳೆಯ ಟ್ಯಾಪರ್ ನಿಧಾನ, ನಿಜ. ಆದರೆ ಆತ ಕೆತ್ತಿದ ಮರ ಹೆಚ್ಚು ವರ್ಷ ಹಾಲು ಕೊಡುತ್ತದೆ. ದಿನದ ಲೀಟರು ಮಾತ್ರ ಅಳೆಯುವ ಲೆಕ್ಕದಲ್ಲಿ ಇದಕ್ಕೆ ಕಾಲಂ ಇಲ್ಲ.

19. ನಿವೃತ್ತಿಯ ದಿನವೇ ಮನೆಯ ಪ್ರಶ್ನೆ ಎದ್ದು ನಿಲ್ಲದಂತೆ, ನಿಗಮದ ಕ್ವಾರ್ಟರ್ಸಿನಲ್ಲಿರುವ ಪ್ರತಿ ಕುಟುಂಬಕ್ಕೂ ಸ್ವಂತ ನಿವೇಶನ ಮತ್ತು ಹಕ್ಕುಪತ್ರ ಸಿಗುವವರೆಗೆ ಅಲ್ಲೇ ವಾಸಿಸುವ ಹಕ್ಕನ್ನು ಲಿಖಿತವಾಗಿ ಕೊಡಬೇಕು.

20. ಮನೆ ಉಳಿಸಿಕೊಳ್ಳಲು ಮಗನೋ ಮಗಳೋ ಟ್ಯಾಪಿಂಗಿಗೇ ಇಳಿಯಬೇಕಾದ ಸ್ಥಿತಿ ಎಲ್ಲಿದ್ದರೂ ಕೊನೆಯಾಗಬೇಕು.

21. ಐವತ್ತೈದು ದಾಟಿದ ಟ್ಯಾಪರ್‌ಗಳಿಗೆ ಕಡಿದಾದ ಬ್ಲಾಕಿನಿಂದ ಸಮತಟ್ಟಿನ ಬ್ಲಾಕಿಗೆ, ಇಲ್ಲವೇ ಹಾಲು ತೂಗುವ, ಶೀಟ್ ಮಾಡುವ, ನರ್ಸರಿ ನೋಡುವ ಕೆಲಸಕ್ಕೆ ಅದೇ ಕೂಲಿಯಲ್ಲಿ ಬದಲಾಗುವ ಹಕ್ಕಿರಬೇಕು.

22. ಹೊಸಬರಿಗೆ ಕತ್ತಿ ಹಿಡಿಯಲು ಕಲಿಸುವ ಕೆಲಸವನ್ನು ಹಿರಿಯ ಟ್ಯಾಪರ್‌ಗಳಿಗೇ ವಹಿಸಿ, ಆ ದಿನಗಳಿಗೆ ತರಬೇತುದಾರರ ಗೌರವಧನ ಕೊಡಬೇಕು.

23. ತೊಗಟೆ ಉಳಿಸಿದ್ದಕ್ಕೂ ಪ್ರೋತ್ಸಾಹಧನ ಸಿಗುವಂತೆ ಕೂಲಿಯ ಲೆಕ್ಕ ಬದಲಾಗಬೇಕು.

24. ಗಂಡನ ಬ್ಲಾಕಿನಲ್ಲಿ ಹಾಲು ಸಂಗ್ರಹಿಸುವ ಹೆಂಡತಿಯ ಕೆಲಸ ಅವಳ ಸ್ವಂತ ಹೆಸರಿನಲ್ಲಿ ಹಾಜರಿ, ಭವಿಷ್ಯನಿಧಿ ಮತ್ತು ಗ್ರಾಚ್ಯುಟಿಯೊಂದಿಗೆ ದಾಖಲಾಗಬೇಕು.

25. ಇಲ್ಲೇ ಹುಟ್ಟಿ ಇಲ್ಲಿನ ಕನ್ನಡ ಶಾಲೆಗಳಲ್ಲೇ ಓದಿದ ಮೊಮ್ಮಕ್ಕಳಿಗೆ ಅಜ್ಜ ಬಂದ ದೇಶದ ಕಾಗದ ತನ್ನಿ ಎನ್ನದೆ, ತಹಶೀಲ್ದಾರರು ಜಾತಿ ಪ್ರಮಾಣಪತ್ರದ ಅರ್ಜಿಗಳನ್ನು ಸ್ಥಳ ಪರಿಶೀಲನೆಯ ಆಧಾರದಲ್ಲಿ ಕಾಲಮಿತಿಯೊಳಗೆ ತೀರ್ಮಾನಿಸಬೇಕು.

26. ರಬ್ಬರ್ ತೋಟಗಳ ಭವಿಷ್ಯದ ಕುರಿತು ಸರ್ಕಾರ ಏನೇ ನಿರ್ಧಾರ ಮಾಡುವುದಿದ್ದರೂ ಅದಕ್ಕೆ ಮೊದಲು ಕಾರ್ಮಿಕರನ್ನು ಕರೆದು ತಮಿಳು ಮತ್ತು ಕನ್ನಡ ಎರಡರಲ್ಲೂ ವಿವರಿಸಿ ಅವರ ಒಪ್ಪಿಗೆ ಪಡೆಯಬೇಕು.

ಈ. ಅಡಿಕೆ ತೋಟ

ಅಡಿಕೆ ಮರ ಏರುವವರ ಅಭಾವ ಎಂದು ತೋಟದವರು ವರ್ಷವಿಡೀ ಹೇಳುತ್ತಾರೆ. ಏರಿ ಏರಿ ಸೊಂಟ ಹೋದವರು ಅದೇ ಊರಲ್ಲಿ ಖಾಲಿ ಕೂತಿದ್ದಾರೆ. ನೆಲದಲ್ಲೇ ನಿಂತು ಕೊಯ್ಯಲು, ಮದ್ದು ಬಿಡಲು ಆಗುವ ಕಾರ್ಬನ್ ಫೈಬರ್ ದೋಟಿ ಬಂದಿದೆ, ಗೊನೆಯ ಬಲಿತ ಹದ ಕಣ್ಣಳತೆಯಲ್ಲಿ ಗೊತ್ತಿರುವುದು ಹಳಬರಿಗೇ.

27. ಪ್ರತಿ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವೂ ದೋಟಿಗಳನ್ನು ಕೊಂಡು ಬಾಡಿಗೆಗೆ ಇಟ್ಟು, ಮರ ಏರುವುದು ನಿಲ್ಲಿಸಿದವರಿಗೆ ತರಬೇತಿ ಮತ್ತು ಮೊದಲ ಆದ್ಯತೆಯ ಕೆಲಸ ಕೊಡಬೇಕು.

28. ಮರದಿಂದ ಬಿದ್ದವರ ವಿಮೆಗೆ ವಯಸ್ಸಿನ ಗಡಿ ಬೇಡ.

29. ಸುಲಿಯುವ ಯಂತ್ರ ತರಿಸಿದ ತೋಟದವರು ಅದುವರೆಗೆ ಕೈಯಿಂದ ಸುಲಿಯುತ್ತಿದ್ದ ಅಜ್ಜಿಯಂದಿರಿಗೆ ಹೆಕ್ಕುವ, ವಿಂಗಡಿಸುವ ಕೆಲಸದಲ್ಲಿ ಜಾಗ ಕೊಡದೆ ಯಂತ್ರ ಓಡಿಸಬಾರದು.

ಉ. ಎಲ್ಲರಿಗೂ ಜಾಗ

30. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೇಳುವ ಸಮಾನ ಅವಕಾಶ ನೀತಿಯನ್ನು ಪ್ರತಿ ಸಂಸ್ಥೆಯೂ ಕನ್ನಡದಲ್ಲಿ ಪ್ರಕಟಿಸಿ, ಆ ಕಾಯ್ದೆ ಖಾಸಗಿಯವರ ಮುಂದಿಟ್ಟ ಶೇ 5ರ ಗುರಿಯನ್ನು ಮುಟ್ಟಲು ದಿನಾಂಕ ಗೊತ್ತುಮಾಡಬೇಕು.

31. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ವರ್ಷಗಳ ಪರಿಣಾಮವನ್ನು ದೇಹದಲ್ಲಿ ಹೊತ್ತವರಿಗೂ, ಅವರನ್ನು ನೋಡಿಕೊಳ್ಳುತ್ತಲೇ ಮುದುಕಿಯರಾದ ತಾಯಂದಿರಿಗೂ ಮನೆಯಲ್ಲೇ ಮಾಡಬಹುದಾದ ಕೆಲಸವನ್ನು ಗೇರು ಉದ್ಯಮವೇ ಮೊದಲು ಒದಗಿಸಬೇಕು.

32. ಕೊರಗರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆ 2000ದಲ್ಲೇ ಬಂದಿರುವಾಗ, ಕೊರಗ ಸಮುದಾಯದವರಿಗೆ ಗುಡಿಸುವ ತೊಳೆಯುವ ಕೆಲಸ ಮಾತ್ರ ಮೀಸಲು ಎಂಬ ಸಂಸ್ಥೆಗಳ ಅಲಿಖಿತ ನಿಯಮ ಅಳಿಯಬೇಕು, ಮಲೆಕುಡಿಯ ಯುವಜನರಿಗೂ ಕೊರಗ ಯುವಜನರಿಗೂ ಲೆಕ್ಕಪತ್ರ ಮತ್ತು ಯಂತ್ರದ ಕೆಲಸಗಳಲ್ಲಿ ತರಬೇತಿ ಸಿಗಬೇಕು.

33. ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ಹುದ್ದೆಗಳಲ್ಲಿ ಶೇ 1 ಮೀಸಲು ಕೊಟ್ಟ ಮೊದಲ ರಾಜ್ಯ ಕರ್ನಾಟಕವಾದ್ದರಿಂದ, ಇಲ್ಲಿನ ಸಹಕಾರ ಸಂಸ್ಥೆಗಳೂ ಅದೇ ಪ್ರಮಾಣವನ್ನು ಪಾಲಿಸಬೇಕು.

34. ತುಳು, ಅರೆಭಾಷೆ, ಬ್ಯಾರಿ, ಮಲಯಾಳ, ತಮಿಳು ಮಾತಾಡುವವರು ಒಂದೇ ಸೂರಿನಡಿ ದುಡಿಯುವ ಈ ಮೂರು ತಾಲ್ಲೂಕುಗಳಲ್ಲಿ, ಸುರಕ್ಷತೆಯ ಸೂಚನೆಗಳನ್ನು ಕನ್ನಡದಲ್ಲಿ ಬರೆದು ಅವರವರ ಭಾಷೆಯಲ್ಲಿ ಬಾಯಿಮಾತಿನಲ್ಲೂ ತಿಳಿಸಬೇಕು.

35. ಅಸ್ಸಾಂ, ಜಾರ್ಖಂಡ್, ಬಂಗಾಳ ಮತ್ತು ಉತ್ತರ ಕರ್ನಾಟಕದಿಂದ ಬಂದ ಯುವಕರನ್ನು ಕಡಿಮೆ ಕೂಲಿಗೆ ಇಟ್ಟುಕೊಂಡು ಊರಿನ ಹಿರಿಯರನ್ನು ಬಿಡಿಸುವ, ನಂತರ ಇಬ್ಬರೂ ಪರಸ್ಪರ ದೂರುವಂತೆ ಮಾಡುವ ವ್ಯವಹಾರ ಕೊನೆಯಾಗಿ ಇಬ್ಬರಿಗೂ ಒಂದೇ ಕೂಲಿ ಸಿಗಬೇಕು.

ಊ. ಆಡಳಿತದಿಂದ

36. ಗೇರುಬೀಜದ ಎಣ್ಣೆಗೆ ಬೆರಳ ಗೆರೆ ಅಳಿಸಿಹೋಗಿ ಹೆಬ್ಬೆರಳ ಯಂತ್ರ ಗುರುತಿಸದ ಹಿರಿಯರ ಜೀವಿತ ಪ್ರಮಾಣಪತ್ರವನ್ನು ಮುಖದ ಗುರುತಿನಿಂದ ಪಡೆಯುವ ವ್ಯವಸ್ಥೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಇರಬೇಕು.

37. ಭವಿಷ್ಯನಿಧಿಯ ಸಣ್ಣ ತಿದ್ದುಪಡಿಗೂ ಮುದುಕಿಯರು ಮಂಗಳೂರಿಗೆ ಬಸ್ಸು ಹತ್ತದಂತೆ, ತಿಂಗಳಿಗೊಮ್ಮೆ ಪುತ್ತೂರು, ಸುಳ್ಯ ಮತ್ತು ಕಡಬದಲ್ಲಿ ಶಿಬಿರ ನಡೆಯಬೇಕು.

38. ಇಎಸ್‌ಐ ಇರುವ ಸಂಸ್ಥೆಗಳು ನಿವೃತ್ತರ ವೈದ್ಯಕೀಯ ಸೌಲಭ್ಯ ಮುಂದುವರಿಯಲು ಬೇಕಾದ ವರ್ಷದ 120 ರೂಪಾಯಿಯನ್ನು ತಾವೇ ಕಟ್ಟಬೇಕು.

39. 2018ರಲ್ಲಿ ತಾಲ್ಲೂಕಾದ ಕಡಬದಲ್ಲಿ ಕಾರ್ಮಿಕ ನಿರೀಕ್ಷಕರು ವಾರದ ಗೊತ್ತಾದ ದಿನ ಕುಳಿತು ದೂರು ಸ್ವೀಕರಿಸಬೇಕು.

40. ಪ್ರತಿ ಸಂಸ್ಥೆಯ ಕಾರ್ಮಿಕರು ಯಾವ ವಯಸ್ಸಿನವರು, ಯಾವ ವಯಸ್ಸಿನಲ್ಲಿ ಬಿಟ್ಟುಹೋದರು ಎಂಬ ವಾರ್ಷಿಕ ಲೆಕ್ಕವನ್ನು ಕಾರ್ಮಿಕ ಇಲಾಖೆ ಪಡೆದು ತಾಲ್ಲೂಕು ಕಚೇರಿಯ ಫಲಕದಲ್ಲಿ ಪ್ರಕಟಿಸಬೇಕು.

41. ಸಹಾಯಕ ಆಯುಕ್ತರ ಅಧ್ಯಕ್ಷತೆಯಲ್ಲಿ ಮಾಲೀಕರು, ಕಾರ್ಮಿಕರು ಮತ್ತು ಇಲಾಖೆ ಸೇರುವ ತ್ರಿಪಕ್ಷೀಯ ಸಭೆಯನ್ನು ಈ ಪತ್ರ ತಲುಪಿದ 45 ದಿನಗಳೊಳಗೆ ಕರೆದು, ಪ್ರತಿ ಬೇಡಿಕೆಗೂ ಲಿಖಿತ ಉತ್ತರ ಕೊಡಬೇಕು.

ಬೇಡಿಕೆಗಳಲ್ಲಿ ಕೆಲವಕ್ಕೆ ಹಣ ಬೇಕು, ಕೆಲವಕ್ಕೆ ಸರ್ಕಾರದ ಆದೇಶ ಬೇಕು, ಅದು ನಮಗೆ ತಿಳಿದಿದೆ. ಆದರೆ 1, 8 ಮತ್ತು 15ನೆಯದಕ್ಕೆ ಹೊಸ ಕಾನೂನು ಬೇಡ, ಯಾರ ಮಂಜೂರಾತಿಯೂ ಬೇಡ, ಮಾಲೀಕರ ಒಂದು ಸಹಿ ಸಾಕು. ಆ ಮೂರಕ್ಕೆ 45 ದಿನ ಕಾಯಲು ನಾವು ಒಪ್ಪುವುದಿಲ್ಲ.

ಇತಿ,
ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳ ದುಡಿಯುವವರು ಮತ್ತು ದುಡಿದು ಮನೆಯಲ್ಲಿರುವವರು